ಮುನ್ಶಿ ಹಲಗಿ

ಅವರು ನೆಮ್ಮದಿಯಿಂದ ಕೂತದ್ದನ್ನು ನಾನು ನೋಡಿದ್ದು ಒಂದೇ ಜಾಗದಲ್ಲಿ. ಅಫಜಲಪುರದ ತಹಸೀಲ ಕಚೇರಿಯ ಆವರಣದಲ್ಲಿದ್ದ ಬೇವಿನ ಮರದ ಕೆಳಗೆ. ಅಲ್ಲಿ ಒಂದು ಗಿಡ್ಡ ಮೇಜು ಇಟ್ಟುಕೊಂಡು ಅವರು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಎದುರಿಗೆ ಕೂತವರು ತಮ್ಮ ಹೊಲದ ಬದುವಿನ ತಂಟೆಯನ್ನೋ, ಬಾರದ ಪಿಂಚಣಿಯನ್ನೋ ಹೇಳಿಕೊಳ್ಳುತ್ತಿದ್ದರೆ ಇವರು ತಲೆ ಬಗ್ಗಿಸಿ ಬರೆಯುತ್ತಿದ್ದರು. ಅಲ್ಲಿಂದ ಎದ್ದರೆ ಮುಗಿಯಿತು, ಮತ್ತೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮಾತಾಡುತ್ತ ಅತ್ತಿತ್ತ ತಿರುಗುವುದು, ಚಹಾ ಅರ್ಧಕ್ಕೇ ಬಿಟ್ಟು ಬೀದಿಗೆ ಬರುವುದು, ಬೆರಳಲ್ಲಿ ಸೀಮೆಸುಣ್ಣದ ತುಂಡು ಹೊರಳಿಸುವುದು. ಬಿಳಿ ಅಂಗಿಯ ಜೇಬಿನ ಸುತ್ತ ಸದಾ ಸುಣ್ಣದ ಪುಡಿ ಹತ್ತಿಕೊಂಡಿರುತ್ತಿತ್ತು.

ಊರೆಲ್ಲ ಅವರನ್ನು ಮುನ್ಶಿ ಸಾಹೇಬ್ರು ಎನ್ನುತ್ತಿತ್ತು. ನಾನು ಕಾಕಾ ಎನ್ನುತ್ತಿದ್ದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ತಮ್ಮ ಬರಹದ ಕೆಳಗೆ ಅವರೂ ಯಾವತ್ತೂ ಬರೆಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆಳಂದ ತಾಲೂಕಿನ ನಿಂಬರ್ಗಾದಿಂದ ಬಂದ ಹುಡುಗಿ ನಾನು, ತಹಸೀಲ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಕಾಕಾ ಅವರ ಮನೆಯ ಎದುರಿಗೆ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಟ್ರಂಕು ಹೊತ್ತು ಬಂದ ದಿನ ನಾನು ಮೊದಲು ಕಂಡದ್ದು ಅವರ ಬೆನ್ನು. ಬೀದಿಗೆ ಮುಖ ಮಾಡಿದ ತಮ್ಮ ಮನೆಯ ಗೋಡೆಗೆ ಅಗಲವಾಗಿ ಕಪ್ಪು ಬಣ್ಣ ಬಳಿದು, ಅದರ ಮೇಲೆ ಅವರು ಏನೋ ಬರೆಯುತ್ತಿದ್ದರು. ಬರೆದರು, ಹಿಂದೆ ಸರಿದು ನೋಡಿದರು, ಒಂದು ಪದ ಅಳಿಸಿದರು, ಬೇರೊಂದು ಬರೆದರು, ಅದನ್ನೂ ಅಂಗೈಯಲ್ಲಿ ಒರೆಸಿದರು. ನಾನು ನಿಂತು ಓದಿದೆ.

‘ಮುಂಜಾನೆ ಸೈಕಲ್ ಮ್ಯಾಲ ಹೊಳಿ ತನಕ ಹೋಗಿದ್ದೆ. ಭೀಮಾ ನೀರು ಕೆಂಪಗ ಆಗ್ಯದ. ಮ್ಯಾಲ ಎಲ್ಲೋ ಮಳಿ ಆಗಿರಬೇಕು. ಖಾತ್ರಿ ಇಲ್ಲ. ದನ ಹೊಡಕೊಂಡು ದಾಟವ್ರು ನೋಡಿ ದಾಟ್ರಿ.’

ಅಷ್ಟೇ ಬರಹ. ಅದೇ ಮಾತು ಬಲಗಡೆಯಿಂದ ಉರ್ದುವಿನಲ್ಲೂ ಇತ್ತು. ಕಾಕಾ ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು, ಕನ್ನಡ ಅಕ್ಷರ ಮನೆಯಲ್ಲಿ ತಂದೆಯಿಂದ ಕಲಿತದ್ದು. ಊರಲ್ಲಿ ಅವರ ಓರಗೆಯ ಗಂಡಸರು ಎಷ್ಟೋ ಮಂದಿ, ಲಿಂಗಾಯತರಿರಲಿ ಮುಸಲ್ಮಾನರಿರಲಿ, ಉರ್ದು ಮಾತ್ರ ಸರಾಗ ಓದುತ್ತಿದ್ದರು. ಹಾಗಾಗಿ ಎಡದಿಂದ ಒಂದು ಲಿಪಿ, ಬಲದಿಂದ ಇನ್ನೊಂದು, ಗೋಡೆಯ ನಡುವೆ ಎರಡೂ ಎದುರಾಬದುರಾಗಿ ನಿಲ್ಲುತ್ತಿದ್ದವು.

ಕರಿಹಲಗೆಯಂಥ ಆ ಗೋಡೆಯನ್ನು ಜನ ‘ಮುನ್ಶಿ ಹಲಗಿ’ ಎನ್ನುತ್ತಿದ್ದರು. ಸೊಸೈಟಿಗೆ ಬೀಜ ಬಂದದ್ದು, ಕೈಪಂಪಿನ ಹಿಡಿಕೆ ಮುರಿದದ್ದು, ಯಾರದೋ ಆಡು ತಮ್ಮ ಅಂಗಳಕ್ಕೆ ಬಂದು ಮೇಯುತ್ತಿರುವುದು, ಹಿಂದಿನ ವಾರ ನೋಡಿದ ನಾಟಕದಲ್ಲಿ ರಾಜನ ಪಾತ್ರಧಾರಿ ಮಾತು ಮರೆತದ್ದು, ಎಲ್ಲ ಅಲ್ಲಿ ಬರುತ್ತಿತ್ತು. ಸುದ್ದಿ ಎನ್ನುವುದಕ್ಕಿಂತ ಒಬ್ಬ ಮನುಷ್ಯ ಬೀದಿಯಲ್ಲಿ ನಿಂತು ಆಡಿದ ಮಾತು ಅದು. ‘ನಾ ನೋಡಿದೆ’, ‘ನನಗ ಹಂಗ ಅನಸ್ತದ’, ‘ಖಾತ್ರಿ ಇಲ್ಲ’ ಎಂಬ ಮೂರು ಮಾತಿನ ಮೇಲೇ ಅವರ ಬರಹವೆಲ್ಲ ನಡೆಯುತ್ತಿತ್ತು.

ಬಾಯಲ್ಲಿ ಆ ಮಾತು ಆಡುವುದು ಅವರಿಗೆ ಕಷ್ಟವಿತ್ತು. ಅವರಿಗೆ ತೊದಲು. ಪದದ ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಕಣ್ಣು ಮುಚ್ಚಿ, ಕತ್ತು ಒಂದು ಕಡೆ ಎಳೆದು, ಬೆವರಿ ಹೋಗುತ್ತಿದ್ದರು. ಬರೆಯುವಾಗ ಮಾತ್ರ ಆ ಗಂಟು ಇರಲಿಲ್ಲ.

ಹಲಗಿ ಮೊದಲು ಆಳೆತ್ತರದಲ್ಲಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹುರಿದ ಶೇಂಗಾ ಮಾರುವ ಶರಣಮ್ಮ ಅದನ್ನು ಕೆಳಗಿಳಿಸಿದಳು. ಜೇವರ್ಗಿ ಕಡೆಯ ಕೊಳಕೂರಿನವಳು. ಚಿಕ್ಕಂದಿನಲ್ಲೇ ಪೋಲಿಯೋದಿಂದ ಎರಡೂ ಕಾಲು ಹೋಗಿ, ಸಣ್ಣ ಗಾಲಿ ಹಚ್ಚಿದ ಮಣೆಯ ಮೇಲೆ ಕೂತು ಕೈಯಿಂದ ನೆಲ ಒತ್ತುತ್ತ ಓಡಾಡುತ್ತಿದ್ದಳು. ನಾಲ್ಕನೇ ಇಯತ್ತೆಯ ತನಕ ಓದಿದ್ದಳು. ಒಂದು ಸಂಜೆ ಬೀದಿಯ ಆಚೆ ದಂಡೆಯಲ್ಲಿ ಮಣೆ ನಿಲ್ಲಿಸಿ ಕೂಗಿದಳು.

“ಮುನ್ಶಿ ಸಾಹೇಬ್ರ, ಅಷ್ಟ ಮ್ಯಾಲ ಬರದೀರಲ್ರೀ, ನಾ ಏನು ಹದ್ದೇನ್ರೀ ಹಾರಿ ಬಂದು ಓದಾಕ? ನಡುವ ಗಟಾರ ಬ್ಯಾರೆ ಅದ.”

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಅವಳ ಪಕ್ಕಕ್ಕೆ ಹೋಗಿ, ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಅವಳ ಕಣ್ಣಿನ ಮಟ್ಟದಿಂದ ತಮ್ಮ ಗೋಡೆಯನ್ನು ನೋಡಿದರು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಕಪ್ಪು ಬಣ್ಣ ನೆಲದ ತನಕ ಇಳಿಯುತ್ತಿತ್ತು. ಗಟಾರದ ಮೇಲೆ ಹಾಸಲು ಶಹಾಬಾದಿನ ಫರಸಿ ಕಲ್ಲೊಂದನ್ನು ತಾವೇ ಎಳೆದು ತಂದಿದ್ದರು. ಅದು ಓರೆಯಾಯಿತೆಂದು ಎತ್ತಿದರು, ಮತ್ತೆ ಇಟ್ಟರು. ಶರಣಮ್ಮ ಮಣೆ ಉರುಳಿಸಿ ಗೋಡೆಯ ತನಕ ಹೋಗಿ ಬರುವವರೆಗೂ ಅವರ ಕಾಲು ನಿಲ್ಲಲಿಲ್ಲ. ಕೆಳಗಿನ ಸಾಲುಗಳನ್ನು ಆಡುಗಳು ಮೈ ತಿಕ್ಕಿ ಅಳಿಸುತ್ತಿದ್ದವು. ಬಯ್ಯುತ್ತಲೇ ಮತ್ತೆ ಬರೆಯುತ್ತಿದ್ದರು. ಕಣ್ಣು ಮಂಜಾದ ಮುದುಕರಿಗೆಂದು ಅಕ್ಷರ ದೊಡ್ಡದು ಮಾಡಿದರು. ಅಕ್ಷರ ದೊಡ್ಡದಾದಂತೆ ಮಾತು ಕಡಿಮೆಯಾಯಿತು. ಅದೂ ಒಳ್ಳೆಯದೇ ಆಯಿತೆಂದು ಕಾಕಿ ಹೇಳುತ್ತಿದ್ದರು. ಕಾಕಿ ಎಂದರೆ ಅವರ ಹೆಂಡತಿ. ಗಂಡನಷ್ಟು ಚಡಪಡಿಕೆಯಿಲ್ಲದ, ಆದರೆ ಮಾತಿಗೆ ಬಂದರೆ ಬಿಡದ ಹೆಂಗಸು.

ಇನ್ನೊಬ್ಬರು ಹಮೀದ್ ಮಿಯಾ. ಹೊರಸಿಗೆ ಹಗ್ಗ ಹೆಣೆಯುವವರು, ಸಿಡುಬಿನಲ್ಲಿ ಕಣ್ಣು ಕಳೆದುಕೊಂಡವರು. ಮಗ ಸೊಸೆ ಕೂಲಿಗೆ ಹೋದರೆ ಮೊಮ್ಮಗಳು ಅವರ ಬೆರಳು ಹಿಡಿದು ನಡೆಸುತ್ತಿದ್ದಳು. ಎಲ್ಲರೂ ಗೋಡೆಯ ಮುಂದೆ ನಿಂತು ಮಾತಾಡುವುದನ್ನು ಕೇಳಿ ಒಂದು ದಿನ ಅವರೂ ಬಂದರು. ಗೋಡೆಯ ಮೇಲೆ ಅಂಗೈ ಆಡಿಸಿದರು.

“ಮುನ್ಶೀಜಿ, ಬರೇ ಸುಣ್ಣ ಹತ್ತಾಕತ್ತದ ಕೈಗೆ. ನಿಮ್ಮ ಗೋಡಿಗೆ ಬಾಯಿ ಇಲ್ಲೇನ್ರೀ?”

ಅಂದಿನಿಂದ ಕಾಕಾ ದಿನಾ ಸಂಜೆ ಹಲಗಿಯನ್ನು ಗಟ್ಟಿಯಾಗಿ ಓದತೊಡಗಿದರು. ಆ ತೊದಲಿನಲ್ಲಿ! ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಅಂಗಿ ಒದ್ದೆಯಾಗುತ್ತಿತ್ತು. ಹುಡುಗರು ಅಣಕಿಸುತ್ತಿದ್ದರು. “ನಾನು ಓದ್ತೇನಿ ಬಿಡ್ರಿ ಕಾಕಾ” ಎಂದೆ. ಕೆಲವು ಸಲ ಓದಿದೆ ಕೂಡ. ಆದರೆ ಸ್ವಲ್ಪ ದಿನಕ್ಕೆ ಅವರೇ ತಡೆದರು.

“ಬ-ಬರದಾವ ನಾನು ಬೇ. ಕೇಳವ್ರು ನ-ನನ್ನ ಮುಖಕ್ಕ ಕೇಳ್ಬೇಕು.”

ಹಮೀದ್ ಮಿಯಾ ಕಟ್ಟೆಯ ಮೇಲೆ ಮೊಮ್ಮಗಳನ್ನು ತೊಡೆಗೆ ಆನಿಸಿಕೊಂಡು ಕಾಯುತ್ತಿದ್ದರು. ಒಂದು ಪದ ಸಿಕ್ಕಿಕೊಂಡು ಬಹಳ ಹೊತ್ತಾದರೆ, “ನಿಧಾನಕ್ಕ ಬರ್ಲಿ, ಜಲ್ದಿ ಏನದ” ಎನ್ನುತ್ತಿದ್ದರು.

ಎಣ್ಣೆ ಗಿರಣಿಯ ಸಾವಕಾರರ ಕಣ್ಣು ಈ ಗೋಡೆಯ ಮೇಲೆ ಬಿದ್ದದ್ದು ಅವರು ಬಸ್‌ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ಟಾಕಿ ಕಟ್ಟಿಸಿದಾಗ. ಕೆಟ್ಟ ಮನುಷ್ಯ ಎನ್ನಲಾರೆ. ಮಾಡಿದ್ದನ್ನು ನಾಲ್ಕು ಜನ ಹೇಳಬೇಕು ಎಂಬ ಆಸೆ ಇತ್ತು. ಚುನಾವಣೆಗೆ ನಿಲ್ಲುವ ಆಲೋಚನೆಯೂ ಇತ್ತು. ಒಂದು ಮುಂಜಾನೆ ಸಾವಕಾರರೇ ಕಾಕಾ ಅವರ ಮನೆಯ ಕಟ್ಟೆಗೆ ಬಂದು ಕೂತರು.

“ಮುನ್ಶಿ ಸಾಹೇಬ್ರ, ಮಳಿ ಬಂದ್ರ ನಿಮ್ಮ ಹಲಗಿ ತೊಳಕೊಂಡು ಹೋಗ್ತದ. ನಾ ಮ್ಯಾಲ ತಗಡು ಹೊದಸ್ತೇನಿ. ಮನಿ ಮಾಳಗೀನೂ ಸೋರ್ತದಂತಲ್ಲ, ಅದನ್ನೂ ಮಾಡಸ್ತೇನಿ. ತಿಂಗಳಾ ತಿಂಗಳಾ ಏನು ಕೊಡ್ಬೇಕೋ ಕೊಡ್ತೇನಿ. ನಮ್ಮ ಟಾಕೀದು, ನಮ್ಮ ಎಣ್ಣೀದು ಆಗಾಗ ಎರಡು ಛಲೋ ಮಾತು ಬರೀರಿ. ನಮ್ಮ ಮಂದಿ ಏನು ಬರೀಬೇಕು ಅಂತ ಹೇಳ್ತಾರ.”

ಕಾಕಾ ತಲೆಯಾಡಿಸಿದರು. ಒಪ್ಪಿದರೆಂದುಕೊಂಡು ಸಾವಕಾರರು ಹೋದರು. ಸಂಜೆ ಹಲಗಿಯ ಮೇಲೆ ಹೀಗಿತ್ತು: ‘ಬಸ್‌ಸ್ಟ್ಯಾಂಡಿನಾಗ ಟಾಕಿ ಆಗ್ಯದ. ನೀರು ಕುಡದು ನೋಡಿದೆ, ತಂಪದ. ಛಲೋ ಆತು.’ ಸಾವಕಾರರ ಹೆಸರೂ ಇಲ್ಲ, ಎಣ್ಣೆಯ ಮಾತೂ ಇಲ್ಲ. ರೊಕ್ಕ ತಂದ ಗಿರಣಿಯ ಗುಮಾಸ್ತನನ್ನು ಕಾಕಾ ಬಾಗಿಲಿಂದಲೇ ವಾಪಸು ಕಳಿಸಿದರು.

ಆ ದಿನ ಗಂಡ ಹೆಂಡತಿಗೆ ಆದ ಜಗಳ ನನ್ನ ಖೋಲಿಯ ತನಕ ಕೇಳಿತು.

“ದಿನಾ ಮಂದಿ ಅರ್ಜಿ ರೊಕ್ಕ ತಗೊಂಡೇ ಬರೀತೀರಲ್ರೀ? ಅದು ನಡೀತದ, ಇದು ಯಾಕ ನಡೆಯಂಗಿಲ್ಲ? ಕೈ ಅದ, ಅಕ್ಷರ ಅವ!” ಕಾಕಿಯ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು.

ಕಾಕಾ ಅಂಗಳದಲ್ಲಿ ತಿರುಗುತ್ತಿದ್ದ ಚಪ್ಪಲಿಯ ಸದ್ದು ನಿಂತಿತು. “ಅ-ಅರ್ಜಿ ಕೆಳಗ ಅವರ ಹೆಬ್ಬೆಟ್ಟು ಇರ್ತದ. ಅದು ಅ-ಅವರ ಮಾತು, ನಾ ಬರೇ ಕೈ. ಗೋಡಿ ಮ್ಯಾಲ ಯಾರ ಹೆಬ್ಬೆಟ್ಟು ಅದ? ಓ-ಓದವ್ರು ಅದು ನನ್ನ ಮಾತು ಅಂತ ನಂಬ್ತಾರ.”

“ಮಾಳಗಿ ಸೋರ್ತದ್ರೀ.”

“ಸೋರ್ಲಿ.”

ಸೋರಿತು. ಆ ಮಳೆಗಾಲ ಕಾಕಿ ಪಾತ್ರೆಗಳನ್ನು ಅತ್ತಿತ್ತ ಸರಿಸುತ್ತ, ಒಂದು ವಾರ ಗಂಡನ ಜೊತೆ ಮಾತಾಡಲಿಲ್ಲ. ಕಚೇರಿಯಲ್ಲಿ ಹೆಡ್ ಕ್ಲಾರ್ಕು ನನ್ನನ್ನು ಕರೆದು, “ನಿಮ್ಮ ಎದುರು ಮನಿ ಮುನ್ಶಿಗೆ ಹೇಳ್ರಿ. ಸಾವಕಾರ್ರ ಬಗ್ಗೆ ನಾಕು ಸಾಲು ಬರದ್ರ ಗಿಡದ ಬುಡಕ ಕೂಡ್ಲಿ. ಇಲ್ಲಂದ್ರ ಕಚೇರಿ ಆವಾರದಾಗ ಹೊರಗಿನವರು ಕೂಡಂಗಿಲ್ಲ ಅಂತ ಹುಕುಂ ಆಗ್ತದ” ಎಂದರು. ನಾನು ಹೋಗಿ ಹೇಳಿದೆ. ಕಾಕಾ ಕೇಳಿ, ಸಂಜೆ ಹಲಗಿಯ ಮೇಲೆ ಬರೆದರು: ‘ನಾಳಿಂದ ಗಿಡದ ಬುಡಕ ನಾ ಸಿಗಂಗಿಲ್ಲ. ಅರ್ಜಿ ಬರಿಸೋರು ಮನಿಗೆ ಬರ್ರಿ.’ ಯಾಕೆ ಎಂದು ಬರೆಯಲಿಲ್ಲ. ಮನೆಗೆ ಬಂದವರು ಕಡಿಮೆ. ಕಚೇರಿಯಿಂದ ದೂರ, ಬಿಸಿಲು. ಬೇವಿನ ಮರದ ಕೆಳಗೆ ಇನ್ನೊಬ್ಬರು ಮೇಜು ಹಾಕಿದರು. ನನ್ನ ಟೈಪ್‌ರೈಟರಿನ ಎದುರಿನ ಕಿಟಕಿಯಿಂದ ಅದು ಕಾಣುತ್ತಿತ್ತು. ಕೂಡುವ ಒಂದು ಜಾಗವೂ ಹೋದ ಮೇಲೆ ಕಾಕಾ ದಿನವಿಡೀ ಊರು ತಿರುಗತೊಡಗಿದರು.

ಹಾಗೆ ತಿರುಗುವಾಗಲೇ ಅದನ್ನು ನೋಡಿದ್ದು. ಟಾಕಿಗೆ ಹೋಗುವ ಪೈಪು ಬಸ್‌ಸ್ಟ್ಯಾಂಡಿನ ಹಿಂದೆ ಗಟಾರದಲ್ಲೇ ಹಾದಿತ್ತು. ಒಂದು ಜೋಡಣೆ ಬಿಟ್ಟು, ನೀರು ಗುಳುಗುಳು ಹೊರಬರುತ್ತಿತ್ತು. ಪಂಪು ನಿಂತಾಗ ಗಟಾರದ ನೀರು ಒಳಗೆ ಹೋಗುತ್ತದೋ ಇಲ್ಲವೋ? ಊರಲ್ಲಿ ಅಲ್ಲೊಂದು ಇಲ್ಲೊಂದು ವಾಂತಿ-ಭೇದಿ ಶುರುವಾಗಿತ್ತು. ಕಾಕಾ ಸೀಮೆಸುಣ್ಣ ಹಿಡಿದು ನನ್ನ ಬಾಗಿಲಿಗೆ ಬಂದರು.

“ಬ-ಬರೀಲೇನ್ ಬೇ, ಬ್ಯಾಡೇನ್?”

“ಖಾತ್ರಿ ಅದೇನ್ರೀ ಕಾಕಾ?”

“ಇಲ್ಲ. ಅದಕ್ಕ ಕೇ-ಕೇಳಾಕತ್ತೇನಿ. ಸಾವಕಾರ್ರ ಜೋಡಿ ಜಗಳ ಆಗ್ಯದ. ಈಗ ಅವರ ಟಾಕಿ ಬಗ್ಗೆ ಬರದ್ರ ಸೇ-ಸೇಡು ಅಂತಾರ. ಸುಳ್ಳಾದ್ರ?”

ಕಾಕಾ ಗೋಡೆಯ ಹತ್ತಿರ ಹೋದರು, ಬಂದರು, ಮತ್ತೆ ಹೋದರು. ಆ ದಿನ ಹಲಗಿ ಖಾಲಿ ಇತ್ತು. ನಾನು ಅಲ್ಲಿದ್ದ ಅಷ್ಟು ವರ್ಷದಲ್ಲಿ ಮೊದಲ ಸಲ. ಸಂಜೆ ಹಮೀದ್ ಮಿಯಾ ಬರಲಿಲ್ಲ. ಮೊಮ್ಮಗಳಿಗೆ ಮುಂಜಾನೆಯಿಂದ ವಾಂತಿ ಎಂದು ಶರಣಮ್ಮ ಹೇಳಿದಳು. ಮರುದಿನ ಮಧ್ಯಾಹ್ನ, ದವಾಖಾನೆಗೆ ಒಯ್ಯುವ ದಾರಿಯಲ್ಲೇ, ಆ ಕೂಸು ಹೋಯಿತು.

ಮಣ್ಣು ಮುಗಿಸಿ ಬಂದವರೇ ಕಾಕಾ ನೇರ ಗೋಡೆಯ ಮುಂದೆ ನಿಂತರು. ಈ ಸಲ ಒಂದು ಪದವನ್ನೂ ಅಳಿಸಲಿಲ್ಲ.

‘ಟಾಕಿ ಪೈಪು ಗಟಾರದಾಗ ಒಡದದ. ಆ ನೀರು ಕುಡೀಬ್ಯಾಡ್ರಿ. ಬ್ಯಾನಿ ಅದರಿಂದನ ಅಂತ ಖಾತ್ರಿ ಇಲ್ಲ. ನಮ್ಮ ಮನ್ಯಾಗ ಕುದಿಸಿ ಕುಡ್ಯಾಕತ್ತೇವಿ. ನಾ ಇದನ್ನ ನಿನ್ನೆನೇ ನೋಡಿದ್ದೆ. ಮಂದಿ ಏನಂತಾರ ಅಂತ ಅಂಜಿ ಬರೀಲಿಲ್ಲ. ತಪ್ಪು ನಂದು.’

ಮರುದಿನ ಸಂಜೆ ಗೋಡೆಯ ಮುಂದೆ ಜನ ತುಂಬಿತ್ತು. ಹಮೀದ್ ಮಿಯಾ ಮಗನ ಭುಜ ಹಿಡಿದು ಬಂದರು. ಅವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಎಂದಿನ ಜಾಗದಲ್ಲಿ ಕೂತು, “ಓದ್ರಿ” ಎಂದರು.

ಕಾಕಾ ಓದಿದರು. ಪೈಪಿನ ಮಾತು ಹೇಗೋ ದಾಟಿತು. ‘ನಿನ್ನೆನೇ’ ಎಂಬ ಪದಕ್ಕೆ ಬಂದಾಗ ಬಾಯಿ ಕಟ್ಟಿತು. ಕತ್ತಿನ ನರ ಉಬ್ಬಿತು, ಕಣ್ಣಿಂದ ನೀರು ಬಂತು, ಪದ ಬರಲಿಲ್ಲ. ನಾನು ಮುಂದೆ ಹೋಗಲು ನೋಡಿದೆ. ಕಾಕಿ ನನ್ನ ಕೈ ಹಿಡಿದು ನಿಲ್ಲಿಸಿದರು. ಈ ಸಲ ಹಮೀದ್ ಮಿಯಾ ನಿಧಾನ ಎನ್ನಲಿಲ್ಲ. ಸುಮ್ಮನೆ ಕಾದರು. ಕೊನೆಗೆ ಆ ಸಾಲು ತುಂಡು ತುಂಡಾಗಿ ಹೊರಬಂತು. ತಪ್ಪು ನಂದು ಎನ್ನುವ ತನಕ ಬಂತು.

ಅಷ್ಟರಲ್ಲಿ ಸಾವಕಾರರ ಜೀಪು ಬಂದು ನಿಂತಿತು. ಇಳಿದು, ಗೋಡೆಯನ್ನು ಓದಿ, ಕಾಕಾ ಅವರ ಮುಖಕ್ಕೇ ಬಂದರು.

“ನಾ ಕೊಟ್ಟಾಗ ಬ್ಯಾಡ ಅಂದ್ರಿ. ಇದನ್ನ ಬರ್ಯಾಕ ಯಾರು ರೊಕ್ಕ ಕೊಟ್ಟಾರ? ಹೇಳ್ರಿ! ಎಲೆಕ್ಷನ್ಯಾಗ ನನ್ನ ಎದುರು ನಿಲ್ಲೋರ ಪೈಕಿ ಯಾರು?”

ಕಾಕಾ ಬಾಯಿ ತೆರೆದರು. ಒಂದು ಅಕ್ಷರವೂ ಬರಲಿಲ್ಲ. ಓದುವುದರಲ್ಲೇ ಬಸವಳಿದಿದ್ದರು.

“ನೋಡ್ರಿ, ಬಾಯಿ ಬರವಲ್ದು” ಎಂದು ಸಾವಕಾರರು ಜನರ ಕಡೆ ತಿರುಗಿದರು.

ಕಟ್ಟೆಯ ಮೇಲಿಂದ ಹಮೀದ್ ಮಿಯಾ ಎದ್ದರು. ದನಿ ಬಂದ ದಿಕ್ಕಿಗೆ ಮುಖ ಮಾಡಿ, “ಸಾವಕಾರ್ರ,” ಎಂದರು, “ರೊಕ್ಕ ತಗೊಂಡು ಬರ್ಯಾವ ತನ್ನ ತಪ್ಪು ಬರ್ಕೋತಾನೇನ್ರೀ?”

ಆ ಮುದುಕರ ಮನೆಯಲ್ಲಿ ಏನಾಗಿದೆ ಎಂದು ಪಕ್ಕದವರು ಸಾವಕಾರರ ಕಿವಿಯಲ್ಲಿ ಹೇಳಿರಬೇಕು. ಅವರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಜೀಪು ಹತ್ತಿದರು. ಮರುದಿನ ಮುಂಜಾನೆ ಅವರ ಆಳುಗಳೇ ಟಾಕಿ ಖಾಲಿ ಮಾಡಿ, ಪೈಪು ಅಗೆದು, ಗಟಾರದಿಂದ ದೂರ ಹೊಸದು ಹಾಕಿದರು. ಊರವರು ನೀರು ಕುದಿಸಿ ಕುಡಿದರು. ದವಾಖಾನೆಯವರು ಬಂದು ಬಾವಿಗಳಿಗೆ ಔಷಧಿ ಹಾಕಿದರು. ಬೇನೆ ಇಳಿಯಿತು. ಅದು ಟಾಕಿಯಿಂದಲೇ ಬಂದದ್ದೋ ಅಲ್ಲವೋ ಯಾರೂ ಹೇಳಲಿಲ್ಲ. ಕಾಕಾ ಅದನ್ನೂ ಬರೆದರು: ‘ಸಾವಕಾರ್ರು ಪೈಪು ಬದಲಿ ಮಾಡಿಸ್ಯಾರ. ಛಲೋ ಆತು. ಬ್ಯಾನಿ ಯಾತರಿಂದ ಬಂತೋ ಇನ್ನೂ ಖಾತ್ರಿ ಇಲ್ಲ.’

ಆ ಖಾಲಿ ಬಿಟ್ಟ ದಿನ ಅವರನ್ನು ಕೊನೆಯ ತನಕ ಬಿಡಲಿಲ್ಲ. ನನಗೆ ಮೊದಲು ಜೇವರ್ಗಿಗೆ, ಆಮೇಲೆ ಆಳಂದಕ್ಕೆ ವರ್ಗವಾಯಿತು. ಮದುವೆ, ಮಕ್ಕಳು, ಕಚೇರಿ. ಆಗೊಮ್ಮೆ ಈಗೊಮ್ಮೆ ಅಫಜಲಪುರಕ್ಕೆ ಹೋದಾಗ ಮಾತಿನ ನಡುವೆ ಕಾಕಾ ಇದ್ದಕ್ಕಿದ್ದಂತೆ, “ಒಂದಿನ ಮೊದಲ... ಒಂದಿನ ಮೊದಲ ಬರದಿದ್ರ ಆ ಕೂಸು ಉಳೀತಿತ್ತೇನ್ ಬೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಬೀದಿಗೆ ಹೋಗುತ್ತಿದ್ದರು. ಹಮೀದ್ ಮಿಯಾ ಮಾತ್ರ ತಾವು ಬದುಕಿರುವ ತನಕ ಸಂಜೆ ಬರುವುದನ್ನು ತಪ್ಪಿಸಲಿಲ್ಲ. ಆ ವಿಷಯವನ್ನು ಇಬ್ಬರೂ ಎಂದಾದರೂ ಮಾತಾಡಿಕೊಂಡರೋ ಇಲ್ಲವೋ, ಕಾಕಿಗೂ ಗೊತ್ತಿಲ್ಲ.

ತೊಂಬತ್ತರ ದಶಕದ ನಡುವೆ ಕಾಕಾ ತೀರಿಕೊಂಡರೆಂದು ಶರಣಮ್ಮ ಬಸ್ ಕಂಡಕ್ಟರನ ಕೈಯಲ್ಲಿ ಆಳಂದಕ್ಕೆ ಹೇಳಿಕಳಿಸಿದಳು. ಅದು ನನಗೆ ಮುಟ್ಟುವಾಗ ತಡವಾಗಿತ್ತು. ಕೆಲವು ವಾರ ಬಿಟ್ಟು ಹೋದೆ. ಬೀದಿಯ ತಿರುವಿಗೆ ಬಂದಾಗ ಗೋಡೆ ಕಂಡು ಕಾಲು ನಿಂತುಹೋಯಿತು. ಕಪ್ಪು ಬಣ್ಣದ ಮೇಲೆ ಹಳದಿ ಬಳಿದು, ಒಬ್ಬ ಪೇಂಟರ್ ಏಣಿ ಹಾಕಿಕೊಂಡು ಯಾವುದೋ ಸಿಮೆಂಟಿನ ಜಾಹೀರಾತು ಬರೆಯುತ್ತಿದ್ದ.

ಒಳಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ. “ಏನ್ರೀ ಕಾಕಿ ಇದು? ಅವರು ಇದ್ದಿದ್ರ ಒಪ್ತಿದ್ರೇನ್ರೀ?”

ಕಾಕಿ ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಒಪ್ತಿದ್ದಿಲ್ಲವ್ವ. ಅವರು ಇದ್ದಾಗ ನಾನೂ ಯಾರಿಗೂ ಕೊಡ್ಲಿಲ್ಲ. ಜಗಳ ಮಾಡ್ದೆ, ಖರೆ, ಆದ್ರ ಕೊಡ್ಲಿಲ್ಲ.” ಮೊರದಲ್ಲಿನ ಹೊಟ್ಟು ಊದಿ, ತಲೆಯೆತ್ತಿ ನನ್ನನ್ನು ನೋಡಿದರು. “ಈಗ ಅವರ ಮಾತು ಮುಗೀತಲ್ಲ. ಇನ್ನ ಅದು ಬರೇ ಗೋಡಿ.”

ಊಟ ಮಾಡಿಸಿದರು, ಸೆರಗಿಗೆ ಶೇಂಗಾ ಕಟ್ಟಿದರು. ಹೊರಗೆ ಬಂದಾಗ ಪೇಂಟರ್ ಕೆಲಸ ಮುಗಿಸಿ ಏಣಿ ತೆಗೆಯುತ್ತಿದ್ದ. ಬಸ್ಸಿಗೆ ಹೊತ್ತಾಗುತ್ತಿತ್ತು. ಆದರೂ ಅಲ್ಲಿ ನಿಂತು ಗೋಡೆಯ ಮೇಲಿದ್ದುದನ್ನು ಎಡದಿಂದ ಬಲಕ್ಕೆ, ಮೇಲಿಂದ ನೆಲದ ತನಕ ಪೂರ್ತಿ ಓದಿದೆ. ದಪ್ಪ, ದುಂಡನೆಯ, ಚೆಂದದ ಅಕ್ಷರ. ಎಲ್ಲೂ ಒಂದು ಪದ ಅಳಿಸಿ ಬರೆದಿರಲಿಲ್ಲ. ಅದು ಯಾರ ಮಾತೂ ಆಗಿರಲಿಲ್ಲ.